ಗೋಡೆ ಮೇಲಿನ ರೇಸ್ ಕಾರು: ಅಸಲಿಯೋ, ನಕಲಿಯೋ?

ಗಲ್ಫಿನಿಂದ ರಜೆಗೆ ಬರುವ ಹುಡುಗರ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅತ್ತರ್, ಚಾಕ್ಲೇಟು, ಬಾದಾಮಿ, ಒಂದು ಕಂಬಳಿ. ಆದರೆ ಬಹರೈನ್‌ನಲ್ಲಿ ಕೆಲಸದಲ್ಲಿರುವ ನಮ್ಮ ತಂಗಿಯ ಮಗ ಕಳೆದ ರಜೆಗೆ ಬಂದಾಗ ಕೈಯಲ್ಲೊಂದು ಉದ್ದದ ರಟ್ಟಿನ ಕೊಳವೆ ಇತ್ತು. ಅವನ ಉಮ್ಮ ಮುಸಲ್ಲವೋ, ಕಿಟಕಿ ಪರದೆಯೋ ಎಂದುಕೊಂಡಳು. ಬಿಚ್ಚಿ ನೋಡಿದರೆ ಕೆಂಪು ರೇಸ್ ಕಾರಿನ ಒಂದು ಹಳೆಯ ಚಿತ್ರ. ಮೇಲೆ ದಪ್ಪಕ್ಷರದಲ್ಲಿ ಮೊನಾಕೊ ಎಂಬ ಹೆಸರು.

'ಮಾಮ, ಇದು 1930ರ ದಶಕದ್ದು. ಒರಿಜಿನಲ್ ಕಲ್ಲಚ್ಚು' ಎಂದ. ಎರಡು ತಿಂಗಳ ಓವರ್‌ಟೈಮ್ ದುಡ್ಡು ಅದಕ್ಕೆ ಹೋಗಿದೆ ಎಂಬುದನ್ನು ನಮ್ಮ ಕಿವಿಯಲ್ಲಿ ಮಾತ್ರ ಹೇಳಿದ. ಉಮ್ಮನಿಗೆ ಹೇಳಿರಲಿಲ್ಲ.

ನಮ್ಮ ಗೋಡೆಗಳಲ್ಲಿ ಕಅಬಾದ ಚಿತ್ರ, ಆಯತುಲ್ ಕುರ್ಸಿಯ ಫ್ರೇಮು, ಒಂದು ಗಡಿಯಾರ ಇರುವುದು ವಾಡಿಕೆ. ಈಗ ಹುಡುಗರ ಕೋಣೆಯ ಗೋಡೆಗೆ ರೇಸ್ ಕಾರೂ ಬಂದಿದೆ. ಬಾರದೆ ಇರುತ್ತದಾ? ಬಹರೈನ್‌ನ ಸಾಖಿರ್‌ನಲ್ಲಿ 2004ರಲ್ಲಿ ಫಾರ್ಮುಲಾ ಒನ್ ರೇಸ್ ಶುರುವಾಯಿತು. ಮಧ್ಯಪ್ರಾಚ್ಯದಲ್ಲಿ ಅದೇ ಮೊದಲು. ಗೆದ್ದವ ಮೈಕೆಲ್ ಶುಮಾಕರ್. 2009ರಲ್ಲಿ ಅಬುಧಾಬಿ, 2021ರಲ್ಲಿ ಕತಾರ್ ಮತ್ತು ಜಿದ್ದಾ ಸೇರಿಕೊಂಡವು. ನಮ್ಮವರು ದುಡಿಯುವ ಊರುಗಳೇ ಈಗ ರೇಸಿನ ಊರುಗಳು. ಅಲ್ಲಿನ ಹುಡುಗರಿಗೆ ಈ ಹುಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಹುಚ್ಚಿನ ಹಿಂದೆಯೇ ವ್ಯಾಪಾರ, ವ್ಯಾಪಾರದ ಹಿಂದೆಯೇ ಮೋಸ. ಆ ಕಾರಣಕ್ಕೆ ಈ ವಾರ ಈ ವಿಷಯ.

ಗೋಡೆಗೆ ಅಂಟಿಸಿದ ಕಾಗದ ಚಿನ್ನವಾದ ಕತೆ

ಮೊನಾಕೊ ಫ್ರಾನ್ಸಿನ ಪಕ್ಕದ ಪುಟ್ಟ ರಾಜ್ಯ. ಅಲ್ಲಿ ಊರಿನ ಬೀದಿಗಳಲ್ಲೇ ರೇಸ್ ನಡೆಯುತ್ತದೆ. ನಮ್ಮ ಮಂಗಳೂರಿನ ಬಂದರಿನಿಂದ ಹಂಪನಕಟ್ಟೆಗೆ ಹತ್ತಿ ಇಳಿಯುವ ರಸ್ತೆಯಲ್ಲಿ ರೇಸ್ ಇಟ್ಟ ಹಾಗೆ ಅಂದುಕೊಳ್ಳಿ. ಆಂತೋನಿ ನೋಗೆಸ್ ಎಂಬವರ ಮುತುವರ್ಜಿಯಿಂದ 1929ರ ಏಪ್ರಿಲ್ 14ರಂದು ಅಲ್ಲಿ ಮೊದಲ ಗ್ರ್ಯಾನ್ ಪ್ರಿ ನಡೆಯಿತು. ಅದರ ಪ್ರಚಾರಕ್ಕೆ ಆಗಿನ ಒಳ್ಳೊಳ್ಳೆಯ ಕಲಾವಿದರಿಂದ ಪೋಸ್ಟರ್ ಬರೆಸಿದರು. ಶುರುವಿನ ವರ್ಷಗಳಲ್ಲಿ ರಾಬರ್ಟ್ ಫಾಲ್ಕುಚಿ, 1933ರಿಂದ ಜಿಯೋ ಹ್ಯಾಮ್. ಈ ಜಿಯೋ ಹ್ಯಾಮ್‌ನ ನಿಜವಾದ ಹೆಸರು ಜಾರ್ಜ್ ಹ್ಯಾಮೆಲ್, 1900ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡ ಫ್ರೆಂಚ್ ಚಿತ್ರಗಾರ. ನಿಂತ ಕಾಗದದಲ್ಲಿ ಕಾರು ಓಡುವ ಹಾಗೆ ಬರೆಯುವುದು ಅವನ ಕೈಚಳಕ.

ಆ ಪೋಸ್ಟರ್‌ಗಳನ್ನು ಯಾರೂ ಜೋಪಾನ ಮಾಡಲಿಕ್ಕೆ ಅಂತ ಅಚ್ಚು ಹಾಕಿದ್ದಲ್ಲ. ಗೋಡೆಗೆ ಅಂಟಿಸಿದರು, ರೇಸ್ ಮುಗಿಯಿತು, ಮಳೆಗೆ ಹರಿದು ಹೋಯಿತು. ಅಂಟಿಸದೆ ಎಲ್ಲೋ ಮೂಲೆಯಲ್ಲಿ ಉಳಿದ ಕೆಲವೇ ಪ್ರತಿಗಳು ಇವತ್ತು ಹರಾಜಿನಲ್ಲಿ ಭಾರೀ ಬೆಲೆಗೆ ಹೋಗುತ್ತವೆ. ಅದೇ ಚಿತ್ರದ ಮರುಮುದ್ರಣವಾದರೆ ಒಂದು ಊಟದ ಖರ್ಚಿಗೆ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ. ಮೋಸ ನುಸುಳುವುದು ಈ ಸಂದಿಯಲ್ಲೇ.

ಭೂತಗನ್ನಡಿ ಹೇಳಿದ ಸತ್ಯ

ಹುಡುಗನ ಖುಷಿಗೆ ಕಲ್ಲು ಹಾಕುವ ಮನಸ್ಸು ನಮಗಿರಲಿಲ್ಲ. ಆದರೆ ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಡಿಕೆಯನ್ನು ಕತ್ತರಿಸಿ ನೋಡದೆ, ಊದನ್ನು ಮೂಸದೆ ದುಡ್ಡು ಎಣಿಸಿದವರಲ್ಲ ನಾವು. ಹಾಗಾದರೆ ಕಾಗದವನ್ನು ಮಾತ್ರ ನೋಡದೆ ಒಪ್ಪುವುದು ಹೇಗೆ?

ಮೊದಲು ಅಳತೆ ತೆಗೆದೆವು. ಆ ಕಾಲದ ಮೊನಾಕೊ ಪೋಸ್ಟರ್‌ಗಳು ದೊಡ್ಡವು, ಸುಮಾರು 80 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರ. ಇದು 50ಕ್ಕೆ 70. 'ಅಂಚು ಕತ್ತರಿಸಿರಬಹುದು ಮಾಮ' ಎಂದ. ಅಂಚು ಕತ್ತರಿಸಿದರೆ ಚಿತ್ರವೂ ಕತ್ತರಿಸಿ ಹೋಗಬೇಕಲ್ಲ ಮೋನೆ? ಇಲ್ಲಿ ಇಡೀ ಚಿತ್ರವೇ ಕುಗ್ಗಿದೆ.

ಆಮೇಲೆ ಪರಿಚಯದ ಬಂಗಾರದ ಅಂಗಡಿಯಿಂದ ಭೂತಗನ್ನಡಿ ತಂದೆವು. ಕಲ್ಲಚ್ಚಿನ ಕೆಲಸ ಹೇಗೆಂದರೆ, ಕಲ್ಲಿನ ಅಥವಾ ಸತುವಿನ ತಗಡಿನ ಮೇಲೆ ಎಣ್ಣೆಯಂಶದ ಕಡ್ಡಿಯಿಂದ ಚಿತ್ರ ಬರೆದು ನೀರು ಸವರುತ್ತಾರೆ. ನೀರಿಗೂ ಎಣ್ಣೆಗೂ ಆಗದು, ಹಾಗಾಗಿ ಶಾಯಿ ಗೆರೆಯಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಹಾಗೆ ಅಚ್ಚಾದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಕಣ ಕಾಣುತ್ತದೆ, ತುಂಬಿದ ಬಣ್ಣ ಕಾಣುತ್ತದೆ. ಈಗಿನ ಆಫ್‌ಸೆಟ್ ಮುದ್ರಣದಲ್ಲಾದರೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲು ಹಿಡಿದು ಹೂವಿನ ಎಸಳಿನ ಹಾಗೆ ನಿಂತಿರುತ್ತವೆ. ನೀವು ಓದುತ್ತಿರುವ ಈ ಪತ್ರಿಕೆಯ ಬಣ್ಣದ ಫೋಟೋ ಮೇಲೆ ಭೂತಗನ್ನಡಿ ಇಡಿ, ತಿಳಿಯುತ್ತದೆ. ನಮ್ಮ ಹುಡುಗನ ಕೆಂಪು ಕಾರಿನ ಮೈತುಂಬ ಅವೇ ಚುಕ್ಕೆಗಳು.

ಕೊನೆಗೆ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ. ಅಸಲಿ ನೋಟಿನ ಕಾಗದ ಆ ಬೆಳಕಿಗೆ ಮಂಕಾಗಿರುತ್ತದೆ, ನಂಬರು, ದಾರ ಇಂಥವು ಮಾತ್ರ ಹೊಳೆಯುವುದು. ಪೋಸ್ಟರಿಗೂ ಇದೇ ಲೆಕ್ಕ ಉಂಟು. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಸುಮಾರಿಗೆ. ಅದಕ್ಕಿಂತ ಹಿಂದಿನ ಕಾಗದ ನೀಲಿಬಿಳುಪಾಗಿ ಹೊಳೆಯಬಾರದು. ನಮ್ಮದು ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು.

ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು 'ಆದರೂ ಮಾಮ, ಇದರಲ್ಲಿ ಚಿತ್ರಗಾರನ ಸಹಿ ಉಂಟಲ್ಲ?' ಎಂದ. ಉಂಟು. ಆದರೆ ಆ ಸಹಿ ಚಿತ್ರದ ಜೊತೆಗೇ ಅಚ್ಚಾದದ್ದು. ಅಸಲಿ ಪೋಸ್ಟರಿನಲ್ಲೂ ಅದು ಅಚ್ಚಾದದ್ದೇ. ಚಿತ್ರಗಾರ ಕೂತು ಒಂದೊಂದಕ್ಕೂ ರುಜು ಹಾಕಿದ್ದಲ್ಲ.

ಒಂದು ಎಚ್ಚರಿಕೆ. ದೀಪಕ್ಕೆ ಹೊಳೆದರೆ ಹಳೆಯದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು, ಆದರೆ ಹೊಳೆಯದಿದ್ದರೆ ಹಳೆಯದೇ ಎಂದು ಹೇಳಲಿಕ್ಕಾಗದು. ಹಳೆಯ ಕಾಗದ ಹುಡುಕಿ ಅದರ ಮೇಲೆ ಅಚ್ಚು ಹಾಕುವ ಜಾಣರೂ ಇದ್ದಾರೆ. ಒಂದೇ ಪರೀಕ್ಷೆ ನಂಬಿ ಕೂರಬಾರದು. ಅಳತೆ, ಅಚ್ಚು, ಕಾಗದ, ತಳದಲ್ಲಿ ಸಣ್ಣಕ್ಷರದ ಮುದ್ರಕರ ಹೆಸರು, ಎಲ್ಲ ಒಂದಕ್ಕೊಂದು ತಾಳೆಯಾಗಬೇಕು.

ಸತ್ತವರ ಸಹಿ

ಪೋಸ್ಟರಿಗಿಂತ ಹೆಚ್ಚು ಜಗಳ ಇರುವುದು ಚಾಲಕರ ಸಹಿಯಲ್ಲಿ. ಬ್ರೆಜಿಲ್‌ನ ಆಯರ್ಟನ್ ಸೆನ್ನಾ 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಅಪಘಾತದಲ್ಲಿ ತೀರಿಕೊಂಡರು. ಸಹಿಗೆ ಬೇಡಿಕೆ ಏರಿತು, ಸಹಿ ಹಾಕುವ ಕೈ ಇಲ್ಲ. ಅಲ್ಲಿಗೆ ನಕಲಿಯವರ ಕೈ ಬಂತು.

ಇಲ್ಲಿ ಭೂತಗನ್ನಡಿಗಿಂತ ಮೊದಲು ಬೇಕಾದದ್ದು ಕ್ಯಾಲೆಂಡರ್. ಚಿತ್ರ ಅಚ್ಚಾದ ವರ್ಷ ಯಾವುದು? ಆಗ ಸಹಿ ಹಾಕಿದವರು ಬದುಕಿದ್ದರಾ? ಇಂಕ್‌ಜೆಟ್ ಯಂತ್ರದಲ್ಲಿ ಉತ್ತಮ ಕಾಗದದ ಮೇಲೆ ತೆಗೆಯುವ ಚಿತ್ರಕ್ಕೆ 'ಜಿಕ್ಲೇ' ಎನ್ನುತ್ತಾರೆ. ಅಮೆರಿಕದ ಜಾಕ್ ಡುಗಾನ್ ಆ ಹೆಸರನ್ನು ಹುಟ್ಟಿಸಿದ್ದೇ 1991ರಲ್ಲಿ. 1968ರಲ್ಲಿ ತೀರಿಕೊಂಡ ಜಿಮ್ ಕ್ಲಾರ್ಕ್ ಸಹಿ ಮಾಡಿದ ಜಿಕ್ಲೇ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ಯಂತ್ರದ ಸಹಿಯೂ ಉಂಟು. ಆಟೋಪೆನ್ ಎಂಬ ಯಂತ್ರ ನಿಜವಾದ ಪೆನ್ನು ಹಿಡಿದೇ ಬರೆಯುತ್ತದೆ. ಪತ್ತೆ ಹೇಗೆ? ಮನುಷ್ಯ ಎರಡು ಸಲ ಒಂದೇ ತರ ಸಹಿ ಹಾಕುವುದಿಲ್ಲ. ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತರೆ, ಅದೇ ಅನುಮಾನಕ್ಕೆ ಕಾರಣ.

'ಸರ್ಟಿಫಿಕೇಟ್ ಕೊಟ್ಟಿದ್ದಾರೆ' ಎಂಬ ಮಾತಿಗೆ ಬಹಳ ಜನ ಸೋಲುತ್ತಾರೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಕ್ರೀಡಾಪಟುಗಳ ನಕಲಿ ಸಹಿ ಮಾರುವ ಜಾಲವನ್ನು ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ಹಿಡಿಯಿತು. ಮುಖ್ಯವಾಗಿ ಬೇಸ್‌ಬಾಲಿನ ಸಾಮಾನು. ಅಲ್ಲಿ ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡೂ ಸಿಕ್ಕಿತು! ಆ ಜಾಲದವರು ಸಹಿಯ ಜೊತೆ ಸರ್ಟಿಫಿಕೇಟನ್ನೂ ನಕಲಿ ಮಾಡುತ್ತಿದ್ದರು. ಸಹಿಯನ್ನೇ ನಕಲು ಮಾಡುವವನಿಗೆ ಒಂದು ಸೀಲು ಯಾವ ಲೆಕ್ಕ? ಸರ್ಟಿಫಿಕೇಟಿನ ಬೆಲೆ ಅದನ್ನು ಕೊಟ್ಟವರ ಬೆಲೆಯಷ್ಟೇ.

ಅಸಲಿ ಎಂದರೆ ಎಷ್ಟು ಅಸಲಿ?

ಎಲ್ಲ ಜಗಳವೂ ಕಳ್ಳ-ಸಾಚಾ ಎಂಬಷ್ಟು ಸುಲಭವಲ್ಲ. ಹಳೆಯ ಪೋಸ್ಟರ್ ಮಡಿಕೆಯಲ್ಲಿ ಹರಿದಿದೆ ಎನ್ನಿ. ಅದನ್ನು ಬಟ್ಟೆಯ ಮೇಲೆ ಅಂಟಿಸಿ, ತೂತು ಮುಚ್ಚಿ, ಹೋದ ಬಣ್ಣ ತುಂಬುತ್ತಾರೆ. ಹಾಗೆ ಮಾಡದಿದ್ದರೆ ಕಾಗದ ಉಳಿಯುವುದಿಲ್ಲ ಎಂದು ಒಂದು ಪಂಗಡ. ಅರ್ಧ ಚಿತ್ರವನ್ನೇ ಹೊಸದಾಗಿ ಬರೆದರೆ ಅದು ಹಳೆಯದು ಹೇಗಾಗುತ್ತದೆ ಎಂದು ಇನ್ನೊಂದು ಪಂಗಡ. ಎರಡರಲ್ಲೂ ನ್ಯಾಯ ಉಂಟು. ಇದರ ನಡುವೆ ಹೊಸ ಮುದ್ರಣವನ್ನೂ ಬಟ್ಟೆಗೆ ಅಂಟಿಸಿ ಹಳೆಯದರಂತೆ ಮಾರುವವರು ಇದ್ದಾರೆ.

ಕಾರಿನ ಮೂತಿ, ರೆಕ್ಕೆಯ ತುಂಡು ಗೋಡೆಗೆ ನೇತುಹಾಕುವ ಶೋಕಿಯೂ ಇದೆ. 1981ರಲ್ಲಿ ಮೆಕ್‌ಲಾರೆನ್ ತಂಡ ಕಾರ್ಬನ್ ಫೈಬರ್ ಒಡಲಿನ ಕಾರು ಇಳಿಸಿದ ಮೇಲೆ ಆ ವಸ್ತುವಿಗೇ ಒಂದು ಮೋಹ ಹುಟ್ಟಿತು. ಅಸಲಿ ತುಂಡಿನ ಹಿಂಬದಿಯಲ್ಲಿ ನೇಯ್ಗೆ ಕಾಣುತ್ತದೆ, ಬಿಡಿಭಾಗದ ನಂಬರ್ ಇರುತ್ತದೆ, ಮುಂದೆ ಕಲ್ಲು ಬಡಿದ ಗುರುತಿರುತ್ತದೆ. ಆದರೆ ತಂಡಗಳೇ ಪ್ರದರ್ಶನಕ್ಕೆಂದು ಮಾಡಿಸುವ ಕಾರುಗಳೂ ಇವೆ. ಅದರ ತುಂಡು ತಂಡದ್ದೇ ಹೌದು, ರೇಸಿನಲ್ಲಿ ಓಡಿದ್ದಲ್ಲ. 'ತಂಡದ್ದು' ಎಂಬುದು ಸತ್ಯ, 'ಓಡಿದ್ದು' ಎಂಬುದು ಸುಳ್ಳು. ಅರ್ಧ ಸತ್ಯ ಹೇಳಿ ಪೂರ್ತಿ ದುಡ್ಡು ತೆಗೆದುಕೊಂಡರೆ ಅದನ್ನು ಏನೆನ್ನಬೇಕು?

ಹಾಗೆಂದು ಮರುಮುದ್ರಣ ಕೊಳ್ಳುವುದು ತಪ್ಪಲ್ಲ. ಮರುಮುದ್ರಣ ಎಂದು ಹೇಳಿ, ಮರುಮುದ್ರಣದ ಬೆಲೆಗೆ ಮಾರಿದರೆ ಅದು ಶುದ್ಧ ವ್ಯಾಪಾರ. ಹೊಸ ಅಡಿಕೆಯನ್ನು ಹಳೆ ಅಡಿಕೆಯ ದರಕ್ಕೆ ಮಾರಿದರಷ್ಟೇ ತಕರಾರು.

ಕೊಳ್ಳುವವರಿಗೆ ನಾಲ್ಕು ಮಾತು

ದುಡ್ಡು ಕೊಡುವ ಮೊದಲು ಮಾರುವವನ ಕೈಯಿಂದ ಬರಹದಲ್ಲಿ ಬರೆಸಿಕೊಳ್ಳಿ: ಯಾವ ವರ್ಷ ಅಚ್ಚಾದದ್ದು, ಯಾವ ವಿಧದ ಮುದ್ರಣ, ಸಹಿ ಕೈಯದ್ದೋ ಅಚ್ಚಿನದ್ದೋ, ಎಲ್ಲೆಲ್ಲಿ ದುರಸ್ತಿಯಾಗಿದೆ. 'ವಿಂಟೇಜ್' ಎಂಬ ಪದಕ್ಕೆ ಮರುಳಾಗಬೇಡಿ, ಅದು ವರ್ಷವಲ್ಲ. ಈ ವಸ್ತು ಮೊದಲು ಯಾರ ಬಳಿ ಇತ್ತು, ಅವರಿಗೆ ಎಲ್ಲಿಂದ ಬಂತು ಎಂದು ಕೇಳಿ, ಹಳೆಯ ರಸೀದಿ ತೋರಿಸಲಿ. ಫ್ರೇಮು ಬಿಚ್ಚಿ ಹಿಂಬದಿ ತೋರಿಸಲು ಒಪ್ಪದವನಲ್ಲಿ ಕೊಳ್ಳಬೇಡಿ. ಬೆಲೆ ನಂಬಲಾಗದಷ್ಟು ಕಮ್ಮಿ ಇದ್ದರೆ ನಂಬಬೇಡಿ, ಅಷ್ಟೇ.

ನಮ್ಮ ಹುಡುಗ ಮಾರಿದವನಿಗೆ ಫೋಟೋ ಸಮೇತ ಬರೆದ. 'ಹಳೆಯ ಶೈಲಿಯ ಪೋಸ್ಟರ್' ಎಂದಷ್ಟೇ ಹೇಳಿದ್ದೆ ಎಂದು ಉತ್ತರ ಬಂತು. ನಿಜ, ರಸೀದಿಯಲ್ಲಿ ಇದ್ದದ್ದೂ ಅಷ್ಟೇ. ಒರಿಜಿನಲ್ ಎಂದದ್ದು ಬರೀ ಬಾಯಿಮಾತು. ದುಡ್ಡು ಹೋದ ಹಾಗೆಯೇ.

ಆಮೇಲಿನದ್ದೇ ದೊಡ್ಡ ಪರೀಕ್ಷೆ. ಅವನ ಕೋಣೆಯಲ್ಲೇ ಇರುವ ಗೆಳೆಯನೊಬ್ಬ ಆ ಪೋಸ್ಟರನ್ನು ಕೊಟ್ಟ ಬೆಲೆಗೇ ಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದನಂತೆ. ಅವನಿಗೆ ಈ ಭೂತಗನ್ನಡಿಯ ಕತೆ ಗೊತ್ತಿಲ್ಲ. 'ಸುಮ್ಮನೆ ಕೊಟ್ಟುಬಿಟ್ಟರೆ ನನ್ನ ದುಡ್ಡು ವಾಪಸ್ ಬರ್ತದೆ ಮಾಮ' ಎಂದು ನಮ್ಮ ಮುಖ ನೋಡಿದ. ನಾವು ಏನೂ ಹೇಳಲಿಲ್ಲ. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವನ ಉಮ್ಮ ಹೇಳಿದಳು: 'ನಿನಗೆ ಹೋದದ್ದು ದುಡ್ಡು ಮೋನೆ. ಅವನಿಗೆ ಗೊತ್ತಾದ ದಿನ ನಿನಗೆ ಹೋಗುವುದು ಅವನು.'

ಆ ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿ ವಿಷಯ ತಿಳಿಸಿದ. ಈಗ ಪೋಸ್ಟರ್ ಅವನ ಕೋಣೆಯ ಗೋಡೆಯಲ್ಲಿದೆ, ಇಲ್ಲೇ ಊರಲ್ಲಿ. ಫ್ರೇಮಿನ ಹಿಂದೆ ಒಂದು ಚೀಟಿ ಅಂಟಿಸಿದ್ದಾನೆ: 'ಇದು ಮರುಮುದ್ರಣ.' ಮುಂದೆ ಯಾರ ಕೈಗೆ ಹೋದರೂ ಅವರು ಮೋಸ ಹೋಗಬಾರದಲ್ಲ. ಕಾರು ಮಾತ್ರ ಇನ್ನೂ ಓಡುತ್ತಲೇ ಇದೆ, ನೋಡಲಿಕ್ಕೆ ಚೆಂದ ಉಂಟು.