ನೆಲ, ಜಾತಿ ಮತ್ತು ಮೀಸಲಾತಿ: ಕೂಕಟ್‌ಪಲ್ಲಿಯ ನೆಲೆಯಿಂದ ಒಂದು ವಿವೇಚನೆ

ಶಿಕ್ಷಣ ಮತ್ತು ಉದ್ಯೋಗಗಳಲ್ಲಿನ ಮೀಸಲಾತಿಯನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಅರ್ಹತೆ ಹಾಗೂ ಸಾಮಾಜಿಕ ನ್ಯಾಯ ಎಂಬ ಎರಡು ಪಕ್ಷಗಳ ವಾದವಾಗಿ ನಡೆದುಬಂದಿದೆ. ಈ ವಾದದ ಅಡಿಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಪ್ರಶ್ನೆಯಿದೆ. ಮೀಸಲಾತಿಯ ಹಕ್ಕು ಜಾತಿಯನ್ನು ಅನುಸರಿಸಿ ಬರುವುದೋ, ನೆಲವನ್ನು ಅನುಸರಿಸಿ ಬರುವುದೋ? ತನ್ನ ರಾಜ್ಯದಲ್ಲಿಯೇ ಉಳಿದವನಿಗೆ ಈ ಪ್ರಶ್ನೆ ಏಳುವುದಿಲ್ಲ. ಗಡಿ ದಾಟಿದವನಿಗೆ ಮಾತ್ರ ಅದು ಜೀವನದ ಪ್ರಶ್ನೆಯಾಗುತ್ತದೆ. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ಕನ್ನಡನಾಡಿನ ಕುಟುಂಬಗಳನ್ನು ಮುಂದಿಟ್ಟುಕೊಂಡು ಇದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡನಾಡಿನ ಮೀಸಲಾತಿಯ ಇತಿಹಾಸಕ್ಕೆ ಎರಡು ಮೂಲಗಳುಂಟು. ಮೊದಲನೆಯದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಮೆಯಾಗದಂತೆ ಹಿಂದುಳಿದ ಕೋಮುಗಳಿಗೆ ಸ್ಥಾನ ದೊರೆಯಬೇಕೆಂಬುದು ಅದರ ಶಿಫಾರಸು. ಆಡಳಿತದ ದಕ್ಷತೆ ಕುಗ್ಗೀತೆಂಬ ಆತಂಕ ದಿವಾನ್ ವಿಶ್ವೇಶ್ವರಯ್ಯನವರದಾಗಿತ್ತು. ಇಂದಿಗೂ ಕೇಳಿಬರುವ ಎರಡೂ ವಾದಗಳು ಅಂದೇ ರೂಪುಗೊಂಡಿದ್ದವೆಂಬುದು ಗಮನಾರ್ಹ. ಇಲ್ಲಿ ಅಳತೆಗೋಲು ಜಾತಿ.

ಎರಡನೆಯ ಮೂಲ ನಿಜಾಮರ ಹೈದರಾಬಾದು. ಬೀದರ, ಕಲಬುರಗಿ, ರಾಯಚೂರುಗಳು ಆ ಸಂಸ್ಥಾನಕ್ಕೆ ಸೇರಿದ್ದವು. 1919ರಲ್ಲಿ ಅಲ್ಲಿ ಜಾರಿಗೆ ಬಂದ ಮುಲ್ಕಿ ನಿಯಮಗಳು ಸರ್ಕಾರಿ ಸೇವೆಯನ್ನು ಆ ನೆಲದವರಿಗೆ ಕಾಯ್ದಿರಿಸಿದವು. ಹೊರಗಿನಿಂದ ಬಂದವನು ಹದಿನೈದು ವರ್ಷ ನೆಲೆಸಿ, ಹಿಂದಿರುಗುವ ಯೋಚನೆಯನ್ನು ತ್ಯಜಿಸಿದ್ದರೆ ಅವನೂ ಮುಲ್ಕಿ ಎನಿಸಬಹುದಾಗಿತ್ತು. ಇಲ್ಲಿ ಅಳತೆಗೋಲು ನೆಲ. ಮೈಸೂರಿನ ಮಾದರಿ 'ನೀನು ಯಾರವನು' ಎಂದು ಕೇಳಿದರೆ, ಹೈದರಾಬಾದಿನ ಮಾದರಿ 'ನೀನು ಎಲ್ಲಿಯವನು' ಎಂದು ಕೇಳಿತು.

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಮೂರು ಭಾಗವಾಯಿತು. ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆದರೆ ನೆಲದ ಪ್ರಶ್ನೆ ಗಡಿಯ ಎರಡೂ ಕಡೆ ಉಳಿಯಿತು. ಆಂಧ್ರಪ್ರದೇಶದಲ್ಲಿ ಮುಲ್ಕಿ ವಿವಾದ 1969 ಹಾಗೂ 1972ರ ಚಳವಳಿಗಳಿಗೆ ಕಾರಣವಾಗಿ, 1973ರ ಆರು ಅಂಶಗಳ ಸೂತ್ರದಲ್ಲಿಯೂ ಸಂವಿಧಾನದ 371-ಡಿ ವಿಧಿಯಲ್ಲಿಯೂ ಒಂದು ನಿಲುಗಡೆಯನ್ನು ಕಂಡಿತು. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯವೂ ಆ ಸೂತ್ರದ ಫಲವೇ. ನಾಲ್ಕು ದಶಕಗಳ ಬಳಿಕ ಕರ್ನಾಟಕದ ಪಾಲಿನ ಹಳೆಯ ನಿಜಾಮ ಪ್ರದೇಶಕ್ಕೆ 371-ಜೆ ವಿಧಿ ದೊರೆಯಿತು. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಆ ಪ್ರದೇಶಕ್ಕೆ ಸೇರಿದವರಿಗೆ ಅಲ್ಲಿನ ವಿದ್ಯಾಸಂಸ್ಥೆಗಳಲ್ಲಿ, ಹುದ್ದೆಗಳಲ್ಲಿ ಪಾಲನ್ನು ಅದು ಒದಗಿಸುತ್ತದೆ.

ಇನ್ನು ಕೂಕಟ್‌ಪಲ್ಲಿಗೆ ಬರೋಣ. ಹೈದರಾಬಾದಿನಿಂದ ಪಟಾನ್‌ಚೆರು, ಜಹೀರಾಬಾದುಗಳ ಮೂಲಕ ಬೀದರ ಜಿಲ್ಲೆಯ ಹುಮನಾಬಾದಿಗೆ ಸಾಗುವ ಹೆದ್ದಾರಿಯ ಮೇಲೆ ಈ ಬಡಾವಣೆಯಿದೆ. ಬೀದರದ ಕುಟುಂಬವೊಂದು 1956ಕ್ಕೆ ಮುನ್ನ ಇಲ್ಲಿಗೆ ಬಂದಿದ್ದರೆ ಅದು ಒಂದೇ ರಾಜ್ಯದೊಳಗಿನ ಓಡಾಟ. ಅನಂತರ ಬಂದಿದ್ದರೆ ಅಂತರರಾಜ್ಯ ವಲಸೆ. ದಾರಿ ಅದೇ, ದೂರವೂ ಅದೇ. ಈ ವಲಸೆಯ ಪರಿಣಾಮವನ್ನು ಮೂರು ಸಮುದಾಯಗಳ ನಿದರ್ಶನದಿಂದ ತಿಳಿಯಬಹುದು. ಮಾದಿಗರು ಎರಡೂ ರಾಜ್ಯಗಳಲ್ಲಿ ಪರಿಶಿಷ್ಟ ಜಾತಿಯವರು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಬೇಡರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ, ತೆಲಂಗಾಣದಲ್ಲಿ ಬೋಯರೊಡನೆ ಹಿಂದುಳಿದ ವರ್ಗ.

ಎರಡು, ಮೂರನೆಯ ನಿದರ್ಶನಗಳಲ್ಲಿ ತೊಡಕಿರುವುದು ಸಹಜ. ಆದರೆ ಮೊದಲನೆಯದರಲ್ಲಿಯೂ ಪರಿಹಾರವಿಲ್ಲ. 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರಿಶಿಷ್ಟರೆಂಬ ಮನ್ನಣೆ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ವಲಸೆ ಹೋದವನೊಡನೆ ಅದು ಇನ್ನೊಂದು ರಾಜ್ಯಕ್ಕೆ ಹೋಗುವುದಿಲ್ಲವೆಂದು ತೀರ್ಮಾನಿಸಿತು. 2018ರ ಬೀರ್ ಸಿಂಗ್ ಪ್ರಕರಣದಲ್ಲಿ ಈ ತತ್ತ್ವ ದೃಢವಾಯಿತು. ಹೀಗಾಗಿ ವಲಸೆ ಬಂದ ಮಾದಿಗ ಕುಟುಂಬದ ವಿದ್ಯಾರ್ಥಿಗೆ ಕೂಕಟ್‌ಪಲ್ಲಿಯಲ್ಲಿಯೇ ಇರುವ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪರಿಶಿಷ್ಟ ಜಾತಿಯ ಸೀಟಿನ ಹಕ್ಕಿಲ್ಲ. ಕೆಲವೇ ಮೈಲಿ ಆಚೆ, ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅದೇ ವಿದ್ಯಾರ್ಥಿಗೆ ಆ ಹಕ್ಕು ಉಂಟು. ಏಕೆಂದರೆ ಕೇಂದ್ರದ ಸಂಸ್ಥೆಗಳು ಮೂಲ ರಾಜ್ಯದ ಮನ್ನಣೆಯನ್ನು ಒಪ್ಪುತ್ತವೆ.

ನೆಲದ ಲೆಕ್ಕವಾದರೋ ಬೇರೆ. 371-ಡಿ ವಿಧಿಯ ಅಡಿಯಲ್ಲಿ ಹೊರಟ 1974ರ ರಾಷ್ಟ್ರಪತಿಗಳ ಆದೇಶವು, ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವಂತೆ ನಾಲ್ಕು ವರ್ಷ ಎಡೆಬಿಡದೆ ಸ್ಥಳೀಯ ಪ್ರದೇಶದಲ್ಲಿ ಓದಿದವನನ್ನು ಸ್ಥಳೀಯ ಅಭ್ಯರ್ಥಿಯೆಂದು ಗಣಿಸಿತು. ಅವನ ಮನೆಮಾತು ಯಾವುದೆಂದು ಅದು ಕೇಳಲಿಲ್ಲ. ನಾಲ್ಕು ವರ್ಷಗಳಲ್ಲಿ ನೆಲ ಅವನನ್ನು ತನ್ನವನೆಂದು ಒಪ್ಪಿತು. ತಲೆಮಾರುಗಳು ಕಳೆದರೂ ಜಾತಿಪಟ್ಟಿ ಒಪ್ಪಲಿಲ್ಲ. ಹೀಗಾಗಿ ಆ ವಿದ್ಯಾರ್ಥಿ ಒಂದೇ ಅರ್ಜಿಯ ಒಂದು ಅಂಕಣದಲ್ಲಿ ಸ್ಥಳೀಯ, ಇನ್ನೊಂದರಲ್ಲಿ ಪರಕೀಯ.

ನ್ಯಾಯಾಲಯದ ನಿಲುವು ನಿರಾಧಾರವಾದುದೇನಲ್ಲ. ಸಂವಿಧಾನದ 341, 342ನೆಯ ವಿಧಿಗಳು ಪಟ್ಟಿಯನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿಯೇ ಹೇಳುತ್ತವೆ. ಒಂದು ಜಾತಿಯ ಸ್ಥಿತಿಗತಿ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರಬಹುದು. ವಲಸಿಗರಿಗೆ ಪಾಲು ಕೊಟ್ಟರೆ ಸ್ಥಳೀಯ ದಲಿತರ ಪಾಲು ಕರಗೀತೆಂಬ ಭಯಕ್ಕೂ ಕಾರಣವಿದೆ. ಆದರೆ ಅಸ್ಪೃಶ್ಯತೆ ಗಡಿಯಲ್ಲಿ ನಿಲ್ಲುವುದಿಲ್ಲವೆಂಬುದು ಅಷ್ಟೇ ನಿಜ. ಬಾಡಿಗೆಮನೆಯನ್ನು ಹುಡುಕುವಾಗ ಎದುರಾಗುವ ಪ್ರಶ್ನೆ ಕಲಬುರಗಿಯಲ್ಲಿಯೂ ಕೂಕಟ್‌ಪಲ್ಲಿಯಲ್ಲಿಯೂ ಒಂದೇ.

ಕವಿರಾಜಮಾರ್ಗಕಾರನು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಗುರುತಿಸಿದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಜನ ನಡೆದಾಡಿದ ನಾಡು ಒಂದು, ಆಡಳಿತ ಗೆರೆ ಎಳೆದ ನಾಡು ಇನ್ನೊಂದು ಎಂಬುದು ಇದರಿಂದ ಸ್ಪಷ್ಟ. ಎರಡೂ ರಾಜ್ಯಗಳ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಸಮುದಾಯಗಳ ಮಟ್ಟಿಗಾದರೂ, ನಾಲ್ಕು ವರ್ಷಗಳ ವ್ಯಾಸಂಗದಂತಹ ನಿಯಮವನ್ನು ಜಾತಿಯ ಮನ್ನಣೆಗೂ ಅನ್ವಯಿಸಲು ಸಾಧ್ಯವೇ ಎಂಬುದು ಪರಿಶೀಲನೆಗೆ ಯೋಗ್ಯವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಸಂಸತ್ತಿನ ಕಾನೂನೇ ಬೇಕಾದೀತು. ಅದಕ್ಕೆ ಮುನ್ನ, ಎಷ್ಟು ಕುಟುಂಬಗಳು ಹೀಗೆ ಎರಡು ಪಟ್ಟಿಗಳ ನಡುವೆ ಉಳಿದಿವೆ ಎಂಬುದರ ಕ್ಷೇತ್ರಕಾರ್ಯ ನಡೆಯಬೇಕು. ಹೊರನಾಡಿನ ಸಂಶೋಧಕರೇ ಇದಕ್ಕೆ ಹೆಚ್ಚು ಸಮರ್ಥರು.