ಶಾಯಿ ಬಣ್ಣಕ್ಕ ಮರುಳಾಗಬ್ಯಾಡ್ರಿ, ನೀರು ಹಾಕಿ ನೋಡ್ರಿ!

ವಳಸಂಗ: ‘ಯಾವ ಶಾಯಿ ಛಲೋ ಅದರೀ?’ ಅಂಗಡಿಯಾಗ ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಬಣ್ಣ ತೋರಿಸಿಯೇ ಉತ್ತರ ಸಿಗುತ್ತದೆ. ಆದರೆ ಸೋಲಾಪುರ-ಅಕ್ಕಲಕೋಟ ರಸ್ತೆಯ ಮೇಲಿನ ವಳಸಂಗದಂಥ ಊರುಗಳಲ್ಲಿ ಶಾಯಿ ಬರೀ ಅಂದದ ಮಾತಲ್ಲ. ಎಷ್ಟೋ ಮನೆತನಗಳಿಗೆ ಅಜ್ಜನ ಹೆಸರು, ಜಾತಿ, ಹುಟ್ಟಿದ ತಾರೀಖಿಗೆ ಉಳಿದ ಸಾಕ್ಷಿ ಎಂದರೆ ಶಾಲೆಯ ಹಳೆ ಜನರಲ್ ರಜಿಸ್ಟರಿನ ಒಂದು ಸಾಲು.

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಹಳೆಯ ಪುರಾವೆ ಬೇಕು. ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10, ವಿಮುಕ್ತ ಜಾತಿ ಹಾಗೂ ಅಲೆಮಾರಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದವರಿಗೆ 1967ರ ಅಕ್ಟೋಬರ್ 13 ಗಡಿ ದಿನ. ಹೀಗಾಗಿ ಜನ ನಿರ್ಗಮ ಉತಾರಾಕ್ಕಾಗಿ ಶಾಲೆಗೆ ಎಡತಾಕುತ್ತಾರೆ. ಆ ಸಾಲು ಮಾಸಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಎಲ್ಲ ಶಾಯಿ ಒಂದೇ ಅಲ್ಲ. ಶಾಲಾ ಮಕ್ಕಳ ಮೆಚ್ಚಿನ ರಾಯಲ್ ಬ್ಲೂ ನೀರಿನಲ್ಲಿ ಕರಗುವ ಬಣ್ಣ. ಅಂಗಿಗೆ ಬಿದ್ದರೆ ತೊಳೆದು ಹೋಗುತ್ತದೆ, ಹಾಗೇ ಕಾಗದದಿಂದಲೂ ಹೋಗುತ್ತದೆ. ಕಬ್ಬಿಣದ ಶಾಯಿಯ ರೀತಿಯೇ ಬೇರೆ. ಅಳಲೆಕಾಯಿಯ ಒಗರು ರಸಕ್ಕೆ ಅನ್ನಭೇದಿ ಕೂಡಿಸಿ ಮಸಿ ಮಾಡುತ್ತಿದ್ದ ಹಳೆ ವಿದ್ಯೆಯೂ ಇದೇ ಬಗೆಯದು. ಬರೆದಾಗ ತಿಳಿಯಾಗಿ ಕಂಡು, ಗಾಳಿ ತಾಗಿದಂತೆ ಕಪ್ಪಾಗಿ ಕಾಗದದ ನಾರು ಹಿಡಿದು ಕೂಡುತ್ತದೆ. ಬ್ರಿಟನ್ನಿನಲ್ಲಿ ಜನನ-ವಿವಾಹದ ರಜಿಸ್ಟರುಗಳಿಗೆ ಇದನ್ನೇ ಬಳಸುತ್ತ ಬಂದರು. ಆದರೆ ಬಾಟಲಿ ಮೇಲೆ ‘ಬ್ಲೂ-ಬ್ಲ್ಯಾಕ್’ ಎಂದಿದ್ದ ಮಾತ್ರಕ್ಕೆ ಅದರಲ್ಲಿ ಕಬ್ಬಿಣ ಇದ್ದೇ ಇರುತ್ತದೆ ಎಂದಿಲ್ಲ. ಪರೀಕ್ಷೆ ಬೇಕಾಗುವುದು ಇದಕ್ಕೇ.

ಪರೀಕ್ಷೆ ಕಠಿಣವೇನಲ್ಲ. ಒಂದೇ ಪೆನ್ನು, ಒಂದೇ ನಮೂನೆಯ ಕಾಗದ ಇರಲಿ. ಶಾಯಿ ಬದಲಿಸುವಾಗ ಪೆನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಪ್ರತಿ ಶಾಯಿಯಿಂದ ಒಂದು ಸಾಲು ಬರೆದು ಹೆಸರು, ತಾರೀಖು ಹಾಕಬೇಕು.

ಮೊದಲನೆಯದು, 5, 10, 20 ಸೆಕೆಂಡು ಬಿಟ್ಟು ಬೆರಳಿನಿಂದ ತಿಕ್ಕಿ ಯಾವುದು ಬೇಗ ಒಣಗಿತು ನೋಡುವುದು. ಎರಡನೆಯದು, ಮರುದಿನ ಅಕ್ಷರದ ಮೇಲೆ ನೀರಿನ ಹನಿ ಇಟ್ಟು, ನಿಮಿಷದ ಮೇಲೆ ಒತ್ತಿ ತೆಗೆಯುವುದು. ಮೂರನೆಯದು, ಅರ್ಧ ಸಾಲು ರಟ್ಟಿನಿಂದ ಮುಚ್ಚಿ ಎರಡು ವಾರ ಬಿಸಿಲಿಗಿಡುವುದು. ಸೋಲಾಪುರದ ಮೇ ತಿಂಗಳ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು!

ನಾಲ್ಕನೆಯದು ಮಕ್ಕಳಿಗೆ ಮೋಜು. ಬ್ಲಾಟಿಂಗ್ ಪೇಪರಿನ ಪಟ್ಟಿಗೆ, ತುದಿಯಿಂದ ಎರಡು ಸೆಂ.ಮೀ. ಮೇಲೆ ಶಾಯಿಯ ಚುಕ್ಕೆ ಇಟ್ಟು ಒಣಗಿಸಿ, ತುದಿ ಮಾತ್ರ ನೀರಿನಲ್ಲಿ ಅದ್ದಿ ನಿಲ್ಲಿಸಿದರೆ ಸಾಕು. ನೀರು ಏರಿದಂತೆ ಕಪ್ಪು ಶಾಯಿಯೊಳಗಿನ ನೀಲಿ, ಕೆಂಪು, ಹಳದಿ ಬೇರೆ ಬೇರೆಯಾಗುವುದುಂಟು. ಇದೇ ಕ್ರೊಮ್ಯಾಟೋಗ್ರಫಿ. ಕಬ್ಬಿಣದ ಶಾಯಿಯಾದರೆ ಬಣ್ಣ ಮೇಲೇರಿದರೂ ಕಪ್ಪು ಗುರುತು ಚುಕ್ಕೆ ಇಟ್ಟಲ್ಲೇ ಉಳಿಯುತ್ತದೆ.

ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಖರ್ಚಿಲ್ಲದೆ ಮಾಡಬಹುದಾದ ವಿಜ್ಞಾನದ ಪಾಠವಿದು. ದಿನದ ವಹಿ ಬರೆಯಲು ತೊಳೆದು ಹೋಗುವ ನೀಲಿ ಸಾಕು. ಪರೀಕ್ಷೆಗೆ ಬೇಗ ಒಣಗುವ, ಹಾಳೆಯ ಹಿಂಬದಿಗೆ ಇಳಿಯದ ಶಾಯಿ ಬೇಕು. ರಜಿಸ್ಟರಿಗೆ ಮಾತ್ರ ನೀರು, ಬಿಸಿಲು ಎರಡಕ್ಕೂ ಜಗ್ಗದ್ದೇ ಆಗಬೇಕು. ಆದರೆ ಕಬ್ಬಿಣದ ಶಾಯಿ ಆಮ್ಲದ್ದು. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಉಕ್ಕಿನ ನಿಬ್ಬು ತಿಂದುಹಾಕುತ್ತದೆ.

ಈ ಪ್ರಯೋಗವೆಲ್ಲ ಬಿಳಿ ಹಾಳೆಯ ಮೇಲೆ ಮಾತ್ರ. ಹಳೆ ರಜಿಸ್ಟರಿಗೆ ನೀರು ಮುಟ್ಟಿಸಬಾರದು, ಮಾಸಿದ ಅಕ್ಷರದ ಮೇಲೆ ಹೊಸ ಶಾಯಿ ತಿದ್ದಲೂಬಾರದು. ತಿದ್ದಿದ ದಾಖಲೆಯ ಮೇಲೆ ಸಂಶಯ ಬಂದರೆ ನಷ್ಟ ಆ ಮನೆಯ ಮಕ್ಕಳಿಗೇ.