ಗಾಣದ ಕಲ್ಲಿನ ಅಂಚಿನಲ್ಲೊಂದು ದಾನಪತ್ರ

ನೀರಿನ ಬಲದಿಂದ ತಿರುಗುವ ಗಿರಣಿ ನಮ್ಮ ಬೆಂಗಳೂರಿನ ಕಡೆ ಇತ್ತಾ ಅಂತ ಕೇಳುವವರಿದ್ದಾರೆ. ಹಿಮಾಲಯದ ಹಳ್ಳಿಗಳಲ್ಲಿ ಘರಾಟ್ ಎಂಬ ನೀರಗಿರಣಿ ಇಂದಿಗೂ ಹಿಟ್ಟು ಬೀಸುತ್ತದೆ. ಅದಕ್ಕೆ ಬತ್ತದ ತೊರೆ ಬೇಕು. ನಮ್ಮ ವಿಜಯನಗರ, ಕೆಂಗೇರಿ ಕಡೆಯ ನೀರು ಇಳಿದು ಸೇರುವುದು ವೃಷಭಾವತಿಗೆ. ಅದು ಮಳೆ ನಂಬಿದ ಹೊಳೆ. (ಈಗ ವರ್ಷವಿಡೀ ಹರಿಯತ್ತೆ, ಕೊಳಚೆಯ ದಯೆಯಿಂದ!) ಬಂದ ನೀರನ್ನು ಕೆರೆ ಕಟ್ಟಿ ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಡೋದು ಇಲ್ಲಿನ ಪದ್ಧತಿ. ಇಲ್ಲಿನ ಯಂತ್ರಕ್ಕೆ ಬಲ ಕೊಟ್ಟದ್ದು ನೀರಲ್ಲ, ಎತ್ತು. ಆ ಯಂತ್ರವೇ ಎಣ್ಣೆಗಾಣ.

ದುಂಡನೆಯ ದಪ್ಪ ಕಲ್ಲು, ನಡುವೆ ಆಳದ ಕುಳಿ. ಅದರಲ್ಲಿ ಎಳ್ಳೋ ಹುಚ್ಚೆಳ್ಳೋ ಸುರಿದು, ಒನಕೆಯಂಥ ಮರದ ಕಂಬ ನಿಲ್ಲಿಸಿ, ಅದಕ್ಕೆ ಹೊಂದಿಸಿದ ಅಡ್ಡಮರವನ್ನು ಎತ್ತು ಸುತ್ತುತ್ತಾ ಎಳೆದರೆ ಎಣ್ಣೆ ಇಳಿಯತ್ತೆ, ಹಿಂಡಿ ಉಳಿಯತ್ತೆ.

ಶಾಸನ ಓದುವವರಿಗೆ ಗಾಣ ಹೊಸದಲ್ಲ. ತೆರಿಗೆಗಳ ಪಟ್ಟಿಯಲ್ಲಿ ಗಾಣದೆರೆ ಬರುತ್ತದೆ. ‘ತೆಲ್ಲಿಗರಯ್ವತ್ತೊಕ್ಕಲು’ ಎಂಬ ಎಣ್ಣೆಯವರ ಸಂಘ, ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಅಂತ ಬಿಟ್ಟುಕೊಟ್ಟ ದತ್ತಿಗಳೂ ಇವೆ. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಬಗೆ: ಗಾಣದ ಕಲ್ಲಿನ ಮೇಲೆಯೇ ಕೊರೆದ ಶಾಸನ. ಹೊಲ ದಾನ ಕೊಟ್ಟರೆ ಹೊಲದ ಮೇಲೆ ಬರೆಯೋಕಾಗಲ್ಲ, ಬೇರೆ ಕಲ್ಲು ನೆಡಬೇಕು. ಗಾಣ ಮಾಡಿಸಿ ಕೊಟ್ಟರೆ ಕೊಟ್ಟ ವಸ್ತುವೇ ಪತ್ರ. ಯಾರು ಮಾಡಿಸಿದರು, ಯಾವ ದೇವರಿಗೆ, ಯಾವ ಸಂವತ್ಸರ ಎಂಬಷ್ಟು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಒಂದು ದೇಗುಲದ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಅನ್ನೋದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟ ಪ್ರಕಟವಾದದ್ದು 1905ರಲ್ಲಿ. ಅದೇ ವರ್ಷ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂತು. ನೀರಿನ ಬಲ ನಮ್ಮೂರಿಗೆ ತಲುಪಿದ್ದು ಹೀಗೆ, ತಂತಿಯ ಮೇಲೆ, ಅದೂ ದೀಪ ಹಚ್ಚಲು!

ಈಗ ಗಾಣಗಳ ಗುರುತು ಹೆಚ್ಚಾಗಿ ಉಳಿದಿರುವುದು ಊರ ಹೆಸರಲ್ಲಿ: ಚಿಕ್ಕಬಾಣಾವರದ ಕಡೆ ಗಾಣಿಗರಹಳ್ಳಿ, ತಲಘಟ್ಟಪುರದ ಕಡೆ ಗಾಣಿಗರಪಾಳ್ಯ. ಕಲ್ಲುಗಳ ಪಾಡು ಬೇರೆ. ವೀರಗಲ್ಲಿಗೆ ಕುಂಕುಮವಾದರೂ ಸಿಗತ್ತೆ. ಗಾಣದ ಕಲ್ಲಿನಲ್ಲಿ ವಿಗ್ರಹವಿಲ್ಲ, ಪೂಜೆಯಿಲ್ಲ. ದನದ ತೊಟ್ಟಿಯಾಗಿಯೋ ತುಳಸಿಕಟ್ಟೆಯಾಗಿಯೋ ಬಳಕೆಯಲ್ಲಿದ್ದರೆ ಪುಣ್ಯ. ಸೈಟು ಸಮ ಮಾಡುವಾಗ ಜೆಸಿಬಿ ಮೊದಲು ತಳ್ಳುವುದು ಇಂಥವನ್ನೇ.

ಹಳೆ ಊರೊಳಗೆ ಹೋದರೆ ನಾನು ಗುಡಿಯ ಹಿಂದುಗಡೆ ದುಂಡುಕಲ್ಲು ಹುಡುಕುತ್ತೇನೆ. ನಿಮಗೂ ಕಂಡರೆ ಕುಳಿಯ ಸುತ್ತಲಿನ ಅಂಚನ್ನು ನೋಡಿ. ತಂತಿ ಬ್ರಷ್ಷು, ಆಸಿಡ್ ಬೇಡ. ನೀರು ಹಾಕಿ ಮೆತ್ತಗೆ ತೊಳೆದರೆ ಸಾಕು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಸುತ್ತಲೂ ಫೋಟೋ ತೆಗೆಯಿರಿ, ಜಾಗದ ಗುರುತು ಬರೆದಿಡಿ. ಕನ್ನಡದಂತೆ ಕಾಣದಿದ್ದರೆ ಕೈಬಿಡಬೇಡಿ, ಬೆಂಗಳೂರಿನ ಸುತ್ತ ತಮಿಳು ಶಾಸನಗಳೂ ಸಾಕಷ್ಟಿವೆ.